ತಾಯಿ ಕಟ್ಟಿದ ಬುತ್ತಿ

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ನಸುಕಿನಲ್ಲೇ ಎದ್ದು ಬಂಗಾರಪೇಟೆಯ ದಾರಿಯಾಗಿ ಬೆಂಗಳೂರಿನ ರೈಲು ಹಿಡಿಯುವವರ ಮನೆಗಳಲ್ಲಿ ಹಿತ್ತಲ ಕೋಳಿಯೂ ಒಂದು ಆಸರೆ. ಮರಿಗಳಿಗೆ ರಕ್ತಭೇದಿ ತಗುಲಿದರೆ ಅದೂ ಕುಸಿಯುತ್ತದೆ.

ಹೇಂಟೆ ತನ್ನ ಪ್ರತಿಕಾಯಗಳನ್ನು ಮೊಟ್ಟೆಯ ಹಳದಿಯಲ್ಲಿ ಮರಿಗೆ ಬುತ್ತಿ ಕಟ್ಟುತ್ತದೆ. ಹಳದಿಯ ಈ ಗುಣವನ್ನು 1893ರಲ್ಲೇ ಜರ್ಮನಿಯ ಫೆಲಿಕ್ಸ್ ಕ್ಲೆಂಪರರ್ ತೋರಿಸಿದ್ದರು. ಆದರೆ ಬುತ್ತಿ ಕೆಲವೇ ವಾರಗಳಲ್ಲಿ ತೀರುತ್ತದೆ. ಲಸಿಕೆ ಪಡೆದ ಹೇಂಟೆಯ ಮೊಟ್ಟೆಯ ಹಳದಿಯನ್ನು ಒಣಗಿಸಿ ಮೇವಿಗೆ ಬೆರೆಸಿದರೆ, ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡು, ಅದು ಕರುಳಿಗೆ ಹತ್ತದಂತೆ ತಡೆಯಬಲ್ಲವು. ಜಠರದ ಆಮ್ಲದಲ್ಲಿ ಇವು ಸವೆಯುವುದರಿಂದ, ರೋಗಕ್ಕೆ ಮುನ್ನವೇ ನಿತ್ಯವೂ ಕೊಡಬೇಕು.

ಮನುಷ್ಯರ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಕೋಳಿಗಳಿಗೆ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು. ಮದ್ದನ್ನು ಮೇವಾಗಿಸಿದ ನಾವು, ಮೇವನ್ನೇ ಮದ್ದಾಗಿಸುವ ತಾಯಿಯಿಂದ ಕಲಿಯಬೇಕಾಗಿದೆ.