ಕಾಡಂಚಿನಲ್ಲಿ ಒಂದು ಬೇಸಿಗೆಯ ಕಾವಲು



1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟದ ಅಂಚಿನಲ್ಲಿ ಕತ್ರಿಗುಪ್ಪೆಯ ಯುವಕರೊಬ್ಬರು ಒಂದು ಬೇಸಿಗೆ ಬೆಂಕಿ ಕಾವಲುಗಾರರಾಗಿ ದುಡಿದರು. ಇಂದು ಅವರು ನಡುವಯಸ್ಸು ದಾಟಿದ್ದಾರೆ.

ಅವರು ಸೇರುವ ವೇಳೆಗೆ ಬೆಂಕಿ ರೇಖೆಯ ಕೆಲಸ ಮುಗಿದಿತ್ತು. ಕಾಡುದಾರಿಯ ಇಕ್ಕೆಲಗಳ ಒಣಹುಲ್ಲು, ಲಂಟಾನಗಳನ್ನು ಕಡಿದು ಸುಡಲಾಗಿತ್ತು. ಉಳಿದದ್ದು ಗುಡ್ಡದ ನೆತ್ತಿಯಲ್ಲಿ ಕುಳಿತು ಹೊಗೆಯನ್ನು ಕಾಯುವುದು. ಹೊಗೆ ಎದ್ದರೆ ಓಡಬೇಕು, ಹಸಿಸೊಪ್ಪಿನ ಕೊಂಬೆಯಿಂದ ಬಡಿದು ನಂದಿಸಬೇಕು. ಆರಿತೆಂದು ಬಿಟ್ಟುಬಂದ ಒಣ ಬೊಡ್ಡೆಯೊಳಗಿನ ಕೆಂಡವು ರಾತ್ರಿಯ ಗಾಳಿಗೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ನಿಜವಾದ ಕಷ್ಟ ಅದೇ.

ಒಂದು ಮಧ್ಯಾಹ್ನ ಗಡಿಯಲ್ಲಿಯೇ ಬೆಂಕಿ ಎದ್ದಿತು. ಸುಟ್ಟ ನೆಲದಲ್ಲಿ ಮೊದಲ ಮಳೆಗೆ ಎಳೆಹುಲ್ಲು ಚಿಗುರುವುದೆಂದು ದನಗಾಹಿಯೊಬ್ಬರು ಹಚ್ಚಿದ್ದರು. ಊರಿಗೆಲ್ಲ ತಿಳಿದಿತ್ತು, ಕಾವಲುಗಾರರಿಗೂ ತಿಳಿದಿತ್ತು. ಪ್ರತಿದಿನ ಅವರಿಗೆ ಮಜ್ಜಿಗೆ ಕೊಡುತ್ತಿದ್ದವರು ಆ ದನಗಾಹಿಯೇ. ವಿಚಾರಣೆಯಲ್ಲಿ ಅವರು ಹೆಸರು ಹೇಳಲಿಲ್ಲ. ಮುಂದಿನ ವಾರ ಅದೇ ಗುಡ್ಡದ ಮತ್ತೊಂದು ಮಗ್ಗುಲು ಸುಟ್ಟಿತು. ಆ ಮೌನವನ್ನು ಅವರು ಇಂದಿಗೂ ಸಮರ್ಥಿಸಿಕೊಳ್ಳುವುದಿಲ್ಲ. ಹೆಸರು ಹೇಳಿದ್ದರೆ ದನಗಳಿಗೆ ಮೇವು ಸಿಗುತ್ತಿತ್ತೇ ಎಂದೂ ಕೇಳುತ್ತಾರೆ.

ಈ ಪ್ರಶ್ನೆ ಪಂಚಾಯಿತಿಗೆ ಸೇರಿದ್ದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟದ್ದು ಸದಸ್ಯರಿಗೆ ನೆನಪಿರಬಹುದು. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಹಲವೆಡೆ ಅದು ಕಡತದಲ್ಲಷ್ಟೇ ಇದೆ. ಸಂಕ್ರಾಂತಿ ಕಳೆಯುತ್ತಲೇ ಆ ಸಮಿತಿಯು ದನಗಾಹಿಗಳನ್ನು ಕರೆದು, ಯಾರ ಕೊಟ್ಟಿಗೆಯಲ್ಲಿ ಎಷ್ಟು ದನ, ಯುಗಾದಿಯವರೆಗೆ ಎಷ್ಟು ಹುಲ್ಲು ಎಂಬುದನ್ನು ಕೇಳಿ ಬರೆದುಕೊಳ್ಳಲಿ.