ಗುಡಾರದವರ ಪಟ ಯಾರದು?

(ಹರದನಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)

ಕೋಲೆಬಸವನನ್ನು ಆಡಿಸುವವರು, ಬುಡಬುಡಿಕೆಯವರು, ಹಗ್ಗದ ಮೇಲೆ ನಡೆಯುವ ದೊಂಬರು, ಬುಟ್ಟಿ ಹೆಣೆಯುವ ಕೊರಮರು, ಇವರಾರೂ ನಮಗೆ ಹೊಸಬರಲ್ಲ. ಸುಗ್ಗಿ ಮುಗಿದ ಮೇಲೆ ಊರ ಹೊರಗೆ ಗುಡಾರ ಹಾಕಿ, ನಾಲ್ಕು ದಿನವಿದ್ದು, ಮುಂದಿನ ಊರಿಗೆ ಹೋಗುವ ಜನ. ಈಗ ಅವರನ್ನು ಕಂಡ ಕೂಡಲೆ ಜೇಬಿನಿಂದ ಮೊಬೈಲು ಹೊರಬರುತ್ತದೆ. ಪಟ ಹಿಡಿಯುವವನು ಹೆಸರು ಕೇಳುವುದಿಲ್ಲ, ಒಪ್ಪಿಗೆಯನ್ನೂ ಕೇಳುವುದಿಲ್ಲ. "ಪಟ ಹಿಡಿದರೆ ಅವರ ಗಂಟೇನು ಹೋಯಿತು?" ಎನ್ನುವವರಿದ್ದಾರೆ. ಏನು ಹೋಯಿತೆಂಬುದನ್ನೇ ಇಂದು ಹೇಳಬೇಕೆಂದಿದ್ದೇವೆ.

1857ರ ದಂಗೆಯನ್ನು ಅಡಗಿಸಿದ ಬಳಿಕ, ತಾವು ಆಳುವ ಜನ ಎಂಥವರೆಂದು ತಿಳಿಯುವ ಆತುರ ಬ್ರಿಟಿಷರಿಗೆ ಹೆಚ್ಚಾಯಿತು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ 8 ಸಂಪುಟಗಳು ಲಂಡನ್ನಿನಿಂದ ಹೊರಬಂದವು. ಜಾತಿಗೊಂದು ಪಟ, ಪಟಕ್ಕೊಂದು ಬರಹ. ಕೆಲವರು ನಂಬಿಕಸ್ಥರು, ಕೆಲವರು ಪುಂಡರು, ಕೆಲವರು ಹುಟ್ಟುಗಳ್ಳರು ಎಂದು ಆ ಬರಹವೇ ತೀರ್ಪು ಕೊಟ್ಟಿತು. ಸಂಪುಟಗಳು ಹೊರಬರುತ್ತಿದ್ದ ಕಾಲದಲ್ಲೇ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆಯೂ ಬಂತು. ಒಬ್ಬ ಮನುಷ್ಯ ಕಳ್ಳತನ ಮಾಡಿದನೋ ಇಲ್ಲವೋ ಎಂಬ ವಿಚಾರಣೆ ಅದಕ್ಕೆ ಬೇಕಿರಲಿಲ್ಲ. ಇಂಥ ಕುಲದಲ್ಲಿ ಹುಟ್ಟಿದ್ದರೆ ಸಾಕು. 1911ರಲ್ಲಿ ಅದನ್ನು ಮದರಾಸು ಪ್ರಾಂತಕ್ಕೂ ಚಾಚಿದರು. ಬೆರಳಚ್ಚು, ಹಾಜರಿ, ಊರು ಬಿಡಲು ಅಪ್ಪಣೆ, ಎಲ್ಲವೂ ಪೊಲೀಸರ ಕೈಯಲ್ಲಿ. ಈ ನಡುವೆ, ಮದರಾಸಿನ ಮ್ಯೂಸಿಯಂ ಅಧಿಕಾರಿ ಥರ್ಸ್ಟನ್ ಸಾಹೇಬರು ಜನರ ಮೂಗು ತಲೆಗಳನ್ನು ಅಳೆದು, ಪಟ ತೆಗೆಸಿ, 1909ರಲ್ಲಿ 7 ಸಂಪುಟಗಳನ್ನು ಪ್ರಕಟಿಸಿದ್ದರು.

ವರ್ತಕ ಬಂಧುಗಳೇ, ಆ ಪಟಗಳಲ್ಲಿ ನಿಂತವರು ಯಾರು? ರೈಲು ಬರುವ ಮುನ್ನ ಸಾವಿರಾರು ಹೇರೆತ್ತುಗಳ ಮೇಲೆ ದವಸ, ಉಪ್ಪು ಸಾಗಿಸಿದವರು ಲಂಬಾಣಿಗಳು. ಹಳ್ಳಿಹಳ್ಳಿಗೆ ಉಪ್ಪು ತಂದು ಮಾರಿದವರು ಕೊರಚರು. ನಿಮ್ಮಂತೆಯೇ ಸಣ್ಣ ವ್ಯಾಪಾರಿಗಳು. ರೈಲು ಅವರ ಹೇರನ್ನು ಕಸಿದುಕೊಂಡಿತು. ಸರ್ಕಾರ ಉಪ್ಪನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಹೊಟ್ಟೆಪಾಡು ಹೋದ ಮೇಲೆ ಕಳ್ಳರೆಂಬ ಹೆಸರು ಬಂತು. 'ಇವರು ವ್ಯಾಪಾರ ಕಳೆದುಕೊಂಡವರು' ಎಂದು ಪಟದ ಕೆಳಗೆ ಯಾರೂ ಬರೆಯಲಿಲ್ಲ.

ಗಿರಣಿಯ ಬಂಧುಗಳೇ, ನಿಮಗೂ ಇದರಲ್ಲೊಂದು ಪಾಠವಿದೆ. ಮುಂಬಯಿ ಪ್ರಾಂತದ ಸರ್ಕಾರ ಇಂಥ ಕುಟುಂಬಗಳನ್ನು ಹಿಡಿದು ತಂದು ಸೋಲಾಪುರ, ಹುಬ್ಬಳ್ಳಿಗಳ ಸೆಟ್ಲ್‌ಮೆಂಟುಗಳಲ್ಲಿ ಕೂಡಿಟ್ಟಿತು. ಅಲ್ಲಿಂದ ಅವರನ್ನು ಗಿರಣಿ ಕೆಲಸಕ್ಕೆ ಕಳುಹಿಸಲಾಯಿತು. ಗಿರಣಿಯ ಹಾಜರಿ ಒಂದು, ಸೆಟ್ಲ್‌ಮೆಂಟಿನ ಹಾಜರಿ ಇನ್ನೊಂದು. ಸುಧಾರಣೆಯ ಹೆಸರಿನಲ್ಲಿ ಮಾಲೀಕನಿಗೆ ಸಿಕ್ಕಿದ್ದು ಓಡಿಹೋಗಲಾರದ ಕೂಲಿಯಾಳು.

1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ವಿಮುಕ್ತರು ಎಂಬ ಹೊಸ ಹೆಸರು ಬಂತು. ಆದರೆ ರೂಢಿಗತ ಅಪರಾಧಿಗಳ ಕಾಯಿದೆಗಳು ರಾಜ್ಯರಾಜ್ಯಗಳಲ್ಲಿ ಹಿಂದೆಯೇ ಬಂದವು. ಸಂಶಯ ಹಾಗೆಯೇ ಉಳಿಯಿತು.

ಇದು ನಮ್ಮ ದೇಶದ ಮಾತು ಮಾತ್ರವೆಂದು ತಿಳಿಯಬೇಡಿ. ಯೂರೋಪಿನಲ್ಲಿ ರೋಮಾ ಎಂಬ ಅಲೆಮಾರಿ ಜನರಿದ್ದಾರೆ. ಅವರ ನುಡಿಯ ಬೇರು ನಮ್ಮ ನಾಡಿನದು. ಅಂಥ ಅಲೆಮಾರಿಗಳು ಪಟ, ಬೆರಳಚ್ಚು, ಮೈಯಳತೆಗಳಿರುವ ಪುಸ್ತಕವನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂದು 1912ರಲ್ಲಿ ಫ್ರಾನ್ಸ್ ಕಾನೂನು ಮಾಡಿತು. 1969ರವರೆಗೆ ಅದು ನಡೆಯಿತು. ಜರ್ಮನಿಯಲ್ಲಿ ಹಿಟ್ಲರನ ಕಾಲದ ಪಂಡಿತರು ರೋಮಾಗಳ ಪಟ ತೆಗೆದು, ತಲೆ ಅಳೆದು, ಕಡತ ಕಟ್ಟಿದರು. ಆ ಕಡತಗಳು ಅನೇಕರಿಗೆ ಸಾವಿನ ಶಿಬಿರದ ದಾರಿಯಾದವು.

ಅದು ಹಳೆಯ ಕಥೆ ಎನ್ನುವಿರಾ? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಪಟಗಳೂ ವದಂತಿಗಳೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಆ ವರ್ಷದ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಗುಂಪು ಸೇರಿ 5 ಜನರನ್ನು ಬಡಿದು ಕೊಂದರು. ಸತ್ತವರು ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಗೋಸಾವಿಗಳು. ಅವರಲ್ಲಿ ಹಲವರು ಬಸವಣ್ಣನವರು ಕಾಯಕ ಮಾಡಿದ ಮಂಗಳವೇಢೆಯ ಕಡೆಯವರು. ಅಂಗಡಿಯಲ್ಲಿ ಕಳವಾದೊಡನೆ ಗುಡಾರದ ಹೆಂಗಸಿನ ಪಟವನ್ನು 'ಎಚ್ಚರಿಕೆ' ಎಂದು ಬರೆದು ಹತ್ತು ಜನರಿಗೆ ಕಳಿಸುವವರು ಈ ಐದು ಹೆಣಗಳನ್ನು ನೆನೆಯಲಿ.

ಹೊಗಳುವ ಪಟಗಳೂ ಇವೆ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಆ ಕಸೂತಿಗೆ ಲೋಕದ ಮೆಚ್ಚುಗೆ ಬಂದದ್ದು ಸಂತೋಷವೇ. ಆದರೆ ಕನ್ನಡಿ ಹಚ್ಚಿದ ರವಿಕೆಯ ಪಟ ಗೋಡೆಗೇರಿದಂತೆ, ಅದನ್ನು ಹೊಲಿದವಳ ಹೆಸರೂ ಕೂಲಿಯೂ ಮೇಲೇರಬೇಕು.

ನಮ್ಮ ಜಿಲ್ಲೆಯದೇ ಮಾತು ಕೇಳಿ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. 1972ರ ವನ್ಯಜೀವಿ ಕಾಯಿದೆ ಹಕ್ಕಿ ಹಿಡಿಯುವ ಅವರ ಕಸುಬನ್ನು ನಿಲ್ಲಿಸಿತು. ಆ ಕುಲದವರು ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರುತ್ತ ಆಫ್ರಿಕದವರೆಗೂ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳೇ ಹಲವರು. ಸರ್ಕಾರ ಅವರನ್ನು ಕರೆತರಲೇಬೇಕಾಯಿತು. ಏಕೆ? ಅವರ ಕೈಯಲ್ಲಿ ಪಾಸ್‌ಪೋರ್ಟಿತ್ತು. ಅದರಲ್ಲಿದ್ದುದು ಅವರು ತಾವಾಗಿ ತೆಗೆಸಿಕೊಂಡ ಪಟ. ಪಕ್ಕದಲ್ಲಿ ಕಳ್ಳನೆಂಬ ಬರಹವಿರಲಿಲ್ಲ, ಹೆಸರಿತ್ತು, ಪ್ರಜೆಯೆಂಬ ಮಾತಿತ್ತು.

ಆದ್ದರಿಂದ ನಾವು ಕೇಳುವುದು ಇಷ್ಟು. ಪಟ ಹಿಡಿಯುವವರು ಮೊದಲು ಕೇಳಲಿ. ಬೇಡವೆಂದರೆ ಕೈ ಇಳಿಸಲಿ. ಅವರು ಹೇಳಿದ ಹೆಸರನ್ನೇ ಬರೆಯಲಿ, ಒಂದು ಪ್ರತಿ ಕೊಡಲಿ. ಪಟದಿಂದ ದುಡಿದವರು ಅದರಲ್ಲಿ ಪಾಲು ಕೊಡಲಿ. ಸಂಶಯದ ಪಟವನ್ನು ಯಾರೂ ಮುಂದಕ್ಕೆ ಕಳಿಸದಿರಲಿ, ದೂರಿದ್ದರೆ ಠಾಣೆಯಿದೆ.

ಕೊನೆಯದು ಕಾರ್ಯಕರ್ತರಿಗೆ. ಮನೆಯಿಲ್ಲದವರೂ ಮತದಾರರಾಗಬಹುದು. ನಮೂನೆ 6 ತುಂಬಿ ಕೊಟ್ಟರೆ, ಮತಗಟ್ಟೆ ಅಧಿಕಾರಿ ರಾತ್ರಿ ಬಂದು ಅವರು ಅಲ್ಲೇ ಮಲಗುತ್ತಾರೆಂದು ಕಂಡುಕೊಳ್ಳಬೇಕು. ವಿಳಾಸದ ದಾಖಲೆ ಬೇಕಿಲ್ಲ. ಎಲ್ಲಾದರೂ ಒಂದೆಡೆ ನೆಲೆಗೊಂಡು, ವರ್ಷದ ಕೆಲವು ತಿಂಗಳು ಮಾತ್ರ ಅಲೆಯುವ ಕುಟುಂಬಗಳೂ ಉಂಟು. ಅವರ ಊರು ಯಾವುದು, ಅಲ್ಲಿಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ವಿಚಾರಿಸಿ. ಮುಂದಿನ ಸುಗ್ಗಿಗೆ ಗುಡಾರಗಳು ಬಂದಾಗ ಮೊಬೈಲು ಹಿಡಿದು ಹೋಗುವ ಮೊದಲು ಈ ನಮೂನೆ ಹಿಡಿದು ಹೋಗಿ.