ಹೊಲದಲ್ಲಿ ಮಾಗಿದ ವಿಶ್ವಾಸ
(ಶತಮಾನೋತ್ಸವದ ಅಂಗವಾಗಿ ಜರುಗಿದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮನ್ನು ನಡೆಸಿದ ಗುರುಗಳನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಅದು ಯುಕ್ತವೇ ಸರಿ. ಆದರೆ ಬೆಳಗಿನ ಪೂಜೆ ಮುಗಿಸಿ ನೇರವಾಗಿ ಹೊಲಕ್ಕೆ ನಡೆದ ಬೇಸಾಯಗಾರರ ವಿಶ್ವಾಸವೂ ಧರ್ಮಸಭೆಯ ಅಡಿಗಲ್ಲೇ. ಅಂಥವರಲ್ಲೊಬ್ಬರಾದ ಆಸ್ಟ್ರಿಯ ದೇಶದ ರೈತ, ಪುನೀತ ಫ್ರಾನ್ಸ್ ಯೇಗರ್‌ಸ್ಟೆಟ್ಟರ್ ಅವರನ್ನು ಇಂದು ಸ್ಮರಿಸೋಣ.

ಅವರು ಹುಟ್ಟಿದ್ದು 1907ರ ಮೇ 20ರಂದು, ಸಾಂಕ್ಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯಲ್ಲಿ. ತಾಯಿ ಬಡ ಕೂಲಿಯವಳು. ಹೆತ್ತ ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದ. 1917ರಲ್ಲಿ ತಾಯಿ ಒಬ್ಬ ರೈತನ ಕೈಹಿಡಿದಾಗ ಆತ ಬಾಲಕನನ್ನು ದತ್ತು ಪಡೆದ. ಯೌವನದಲ್ಲಿ ಫ್ರಾನ್ಸರು ಸಾಧುವೇನೂ ಆಗಿರಲಿಲ್ಲ. ಕೆಲವು ವರ್ಷ ಕಬ್ಬಿಣದ ಗಣಿಯಲ್ಲಿ ದುಡಿದರು. ಊರಿಗೆ ಮೊದಲ ಮೋಟಾರ್ ಸೈಕಲ್ ತಂದರು. ಮೋಜು, ಜಗಳಗಳಿಗೂ ಹಿಂಜರಿಯಲಿಲ್ಲ.

1936ರ ಪವಿತ್ರ ಗುರುವಾರದಂದು ಅವರು ಫ್ರಾನ್ಸಿಸ್ಕಾ ಎಂಬ ಭಕ್ತಿವಂತೆಯನ್ನು ವರಿಸಿ, ಆಕೆಯೊಡನೆ ರೋಮಿಗೆ ಯಾತ್ರೆ ಹೋದರು. ಅಲ್ಲಿಂದ ಮುಂದೆ ಬೈಬಲ್ ಪಠಣ, ಪರಮಪ್ರಸಾದ, ಪ್ರಾರ್ಥನೆಗಳು ಉಳುಮೆ, ಕೊಯ್ಲುಗಳಷ್ಟೇ ಸಹಜವಾಗಿ ಅವರ ದಿನಚರಿಯಲ್ಲಿ ಸೇರಿಕೊಂಡವು. ಮೂವರು ಹೆಣ್ಣುಮಕ್ಕಳಾದರು. ಊರ ದೇವಾಲಯದಲ್ಲಿ ಪೂಜೆಗೆ ಅಣಿಮಾಡುವ ಸೇವೆಯನ್ನೂ ಅವರು ವಹಿಸಿಕೊಂಡರು.

1938ರಲ್ಲಿ ಹಿಟ್ಲರನು ಆಸ್ಟ್ರಿಯವನ್ನು ವಶಪಡಿಸಿಕೊಂಡು ಜನಮತ ಕೇಳಿದಾಗ, ಆ ಹಳ್ಳಿಯಲ್ಲಿ ವಿರುದ್ಧವಾಗಿ ಮತವಿತ್ತವರು ಅವರೊಬ್ಬರೇ. ಮುಂದೆ ಸೈನಿಕ ತರಬೇತಿಯನ್ನು ಪಡೆದು 1941ರಲ್ಲಿ ಊರಿಗೆ ಮರಳಿದರು. ಆದರೆ ಆ ಯುದ್ಧ ಅನ್ಯಾಯದ್ದೆಂಬ ನಿಶ್ಚಯ ಅವರಲ್ಲಿ ಬಲಿಯಿತು. ನಾಸ್ತಿಕ ಕಮ್ಯುನಿಸಂನ ವಿರುದ್ಧ ಹೋರಾಟವೆಂದು ಸರ್ಕಾರ ಸಾರುತ್ತಿತ್ತು. ಹಾಗಿದ್ದರೆ ರಷ್ಯದ ಅದಿರು, ಎಣ್ಣೆಯ ಬಾವಿ, ಫಲವತ್ತಾದ ನೆಲದ ಮೇಲೆ ಕಣ್ಣೇಕೆ ಎಂದು ಅವರು ತಮ್ಮ ಟಿಪ್ಪಣಿಗಳಲ್ಲಿ ಕೇಳಿದರು. ಗಣಿಯನ್ನೂ ಹೊಲವನ್ನೂ ಬಲ್ಲವನಿಗೆ ಪರರ ನೆಲದ ಮೇಲಿನ ಆಸೆ ಬೇಗ ಕಾಣುವುದಲ್ಲವೇ?

ಅವರು ಸಲಹೆ ಕೇಳದೆ ಹಟ ಹಿಡಿದವರಲ್ಲ. ಗುರುಗಳ ಬಳಿ ಹೋದರು, ಲಿಂಟ್ಸಿನ ಧರ್ಮಾಧ್ಯಕ್ಷರನ್ನೂ ಕಂಡರು. ಕುಟುಂಬದ ಹೊಣೆಯೇ ಮೊದಲನೆಯದು ಎಂಬುದು ಅಲ್ಲಿ ದೊರೆತ ಉತ್ತರ. ಫ್ರಾನ್ಸರು ಗುರುವರ್ಯರನ್ನು ನಿಂದಿಸಲಿಲ್ಲ. ತಮ್ಮ ಅಂತಃಸಾಕ್ಷಿಯನ್ನೂ ಬಿಟ್ಟುಕೊಡಲಿಲ್ಲ. 1943ರ ಫೆಬ್ರವರಿಯಲ್ಲಿ ಮತ್ತೆ ಕರೆ ಬಂದಾಗ ಆಯುಧ ಹಿಡಿಯಲಾರೆನೆಂದೂ ಗಾಯಾಳುಗಳ ಶುಶ್ರೂಷೆಗೆ ಸಿದ್ಧನೆಂದೂ ತಿಳಿಸಿದರು. ದೊರೆತದ್ದು ಸೆರೆಮನೆ. ತಮಗಿಂತ ಮೊದಲೇ, 1942ರಲ್ಲಿ, ಫ್ರಾನ್ಸ್ ರೈನಿಷ್ ಎಂಬ ಗುರುಗಳು ಇದೇ ಕಾರಣಕ್ಕೆ ಪ್ರಾಣವಿತ್ತರೆಂದು ಬರ್ಲಿನ್ನಿನ ಸೆರೆಯಲ್ಲಿ ತಿಳಿದಾಗ ಅವರಿಗೆ ಬಹಳ ಸಮಾಧಾನವಾಯಿತು. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗಿನಲ್ಲಿ ಅವರ ಶಿರಚ್ಛೇದವಾಯಿತು. ಆಗ ಅವರಿಗೆ ಮೂವತ್ತಾರು ವರ್ಷ.

ಇಲ್ಲಿ ನಾವು ಫ್ರಾನ್ಸಿಸ್ಕಾಳನ್ನು ಮರೆತರೆ ಕಥೆ ಅರ್ಧವಾದೀತು. ಪತಿ ಬದುಕಲೆಂದು ಆಕೆಯೂ ಹಂಬಲಿಸಿದಳು. ಬೇರೆ ದಾರಿ ಹುಡುಕುವಂತೆ ಮೊದಲು ಬೇಡಿಕೊಂಡಳು. ಎಲ್ಲರೂ ಅವರನ್ನು ಬಿಟ್ಟಾಗ ಜೊತೆಯಲ್ಲಿ ನಿಂತಳು. ಹೊಲ, ದನಕರು, ಮೂರು ಮಕ್ಕಳು, ಮೇಲೆ ಊರವರ ನಿಷ್ಠುರ, ಎಲ್ಲವನ್ನೂ ಹೊತ್ತಳು. 1950ರ ವರೆಗೆ ಆಕೆಗೆ ವಿಧವಾ ವೇತನವನ್ನೂ ನಿರಾಕರಿಸಲಾಗಿತ್ತು. 2007ರ ಅಕ್ಟೋಬರ್ 26ರಂದು ಲಿಂಟ್ಸಿನಲ್ಲಿ ಪತಿಯನ್ನು ಪುನೀತರೆಂದು ಸಾರಿದಾಗ ತೊಂಬತ್ತನಾಲ್ಕರ ಆ ವೃದ್ಧೆ ಅಲ್ಲಿದ್ದಳು. 2013ರಲ್ಲಿ, ನೂರು ತುಂಬಿದ ಮೇಲೆ, ಪ್ರಭುವಿನ ಸನ್ನಿಧಿ ಸೇರಿದಳು.

ಪ್ರಿಯರೇ, ಫ್ರಾನ್ಸರಿಗೆ ಹಳ್ಳಿಶಾಲೆಗೆ ಮಿಗಿಲಾದ ವಿದ್ಯೆಯಿರಲಿಲ್ಲ. ಆ ಧೈರ್ಯ ಸೆರೆಮನೆಯಲ್ಲಿ ಒಂದೇ ರಾತ್ರಿ ಮೊಳೆತದ್ದೂ ಅಲ್ಲ. ಮನೆಯ ಪ್ರಾರ್ಥನೆಯಲ್ಲಿ, ದಿನದ ದುಡಿಮೆಯಲ್ಲಿ ಏಳು ವರ್ಷ ಬೇರುಬಿಟ್ಟ ಬೆಳೆ ಅದು. ನಮ್ಮೆದುರು ಕೊಡಲಿಯಿಲ್ಲ, ನಿಜ. ಆದರೆ ನೆರೆಯವನ ಗಡಿಕಲ್ಲು, ಕೂಲಿಯಾಳಿನ ಸಂಬಳ, ಚುನಾವಣೆಯ ಮತ, ಇವುಗಳಲ್ಲಿ ಊರೆಲ್ಲ ಒಂದು ಕಡೆ ನಡೆದಾಗ ಅಂತಃಸಾಕ್ಷಿ ಇನ್ನೊಂದು ಕಡೆ ಕರೆಯುವುದುಂಟು. ಆಗ ಒಂಟಿಯಾಗಿ ನಿಲ್ಲಬಲ್ಲ ಮಕ್ಕಳನ್ನು ನಮ್ಮ ಮನೆಗಳು ಬೆಳೆಸಲಿ. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಧರ್ಮಕೇಂದ್ರಕ್ಕೆ ಆ ವರವನ್ನು ಪ್ರಭು ಕರುಣಿಸಲಿ.